ನಾಗಂದಿಗೆಗೆ ಎಟಕದ ಕೈ: ಸಂಧಿವಾತ, ಮೂಳೆ ಮತ್ತು ನನ್ನ ಅನುಭವ

ಸಂಧಿವಾತದ (ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ರೋಗಿಗಳನ್ನು ನೋಡತೊಡಗಿದ ಮೊದಲ ವರ್ಷಗಳಲ್ಲಿ ನನ್ನ ಗಮನವೆಲ್ಲ ಕೀಲಿನ ಊತ, ಬೆಳಗಿನ ಬಿಗಿತ ಮತ್ತು ಉರಿಯೂತವನ್ನು ಅಳೆಯುವ ಸಿಆರ್‌ಪಿ ರಕ್ತಪರೀಕ್ಷೆಯ ವರದಿಯ ಮೇಲಿತ್ತು. ಮೂಳೆಗೆಂದು ಚೀಟಿಯ ಕೊನೆಯಲ್ಲಿ ಒಂದು ಕ್ಯಾಲ್ಸಿಯಂ ಮಾತ್ರೆ ಬರೆದರೆ ಸಾಕೆಂದು ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದವರು ಐವತ್ತರ ಆಸುಪಾಸಿನ ಒಬ್ಬ ಗೃಹಿಣಿ. ಹೊರಡುವ ಹೊತ್ತಿಗೆ ಅವರು, "ಅಡುಗೆಮನೆಯ ನಾಗಂದಿಗೆ ಮೊದಲು ಕೈಗೆ ಸಿಗುತ್ತಿತ್ತು, ಈಗ ಎಟಕುವುದಿಲ್ಲ ಡಾಕ್ಟ್ರೇ" ಎಂದರು. ಭುಜ ಬಿಗಿದಿರಬೇಕೆಂದು ಪರೀಕ್ಷಿಸಿದರೆ ತೋಳು ಸಲೀಸಾಗಿ ಮೇಲೇಳುತ್ತಿತ್ತು. ಗೋಡೆಗೆ ಆನಿಸಿ ನಿಲ್ಲಿಸಿ ಅಳೆದಾಗ, ಹಳೆಯ ಕಡತದಲ್ಲಿದ್ದುದಕ್ಕಿಂತ ಎತ್ತರ 4 ಸೆಂಟಿಮೀಟರ್ ಕಡಿಮೆಯಿತ್ತು. ಅವರು ಎಂದೂ ಬಿದ್ದವರಲ್ಲ. ಆದರೂ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಎರಡು ಕಶೇರುಗಳು ಕುಸಿದಿದ್ದವು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 3.1 ಬಂತು, ಮೈನಸ್ 2.5ಕ್ಕೆ ಇಳಿದರೇ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಸ್ಥಿತಿ.

ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು, ರೋಗನಿರೋಧಕ ವ್ಯವಸ್ಥೆಯಲ್ಲಿ ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳ ದಾಯಾದಿಗಳೇ. ಎರಡೂ ಒಂದೇ ಮೂಲಕೋಶದಿಂದ ಬೆಳೆಯುತ್ತವೆ. ಸಂಧಿವಾತದಲ್ಲಿ ಕೆರಳಿದ ಟಿ-ಕೋಶಗಳೂ (ಒಂದು ಬಗೆಯ ಬಿಳಿ ರಕ್ತಕಣಗಳು) ಕೀಲಿನ ಒಳಪೊರೆಯ ಕೋಶಗಳೂ ರ‍್ಯಾಂಕ್-ಎಲ್ ಎಂಬ ಪ್ರೋಟೀನನ್ನು ಹೊರಸೂಸಿ ಆಸ್ಟಿಯೊಕ್ಲಾಸ್ಟ್‌ಗಳನ್ನು ಹೆಚ್ಚಿಸುತ್ತವೆ, ಉರಿಯೂತವನ್ನು ಹೆಚ್ಚಿಸುವ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನುಗಳು ಅದಕ್ಕೆ ಇಂಬು ಕೊಡುತ್ತವೆ. ಮೂಳೆ ಮತ್ತು ರೋಗನಿರೋಧಕ ವ್ಯವಸ್ಥೆಯ ಈ ನಂಟಿನ ಅಧ್ಯಯನಕ್ಕೆ 2000ದಲ್ಲಿ ಆಸ್ಟಿಯೊಇಮ್ಯುನಾಲಜಿ ಎಂಬ ಹೆಸರೇ ಬಂತು. ಅಂದರೆ ಉರಿಯೂತವನ್ನು ಇಳಿಸದೆ ಕ್ಯಾಲ್ಸಿಯಂ ಕೊಡುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಆ ಗೃಹಿಣಿ ನೋವು ಹೆಚ್ಚಾದಾಗಲೆಲ್ಲ ಹಳೆಯ ಚೀಟಿ ತೋರಿಸಿ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಂದು ನುಂಗುತ್ತಿದ್ದರೆಂಬುದು ನನಗೆ ತಿಳಿದದ್ದು ಆಗಲೇ. ನಾನು ಕೇಳಿಯೇ ಇರಲಿಲ್ಲ. ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ, ನಿಜ, ಆದರೆ ಹೊಸ ಮೂಳೆ ಕಟ್ಟುವ ಕೋಶಗಳನ್ನೂ ಕುಗ್ಗಿಸುತ್ತದೆ. ಸಂಧಿವಾತವನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಔಷಧಿಯ ಪ್ರಮಾಣವನ್ನು ಹೆಚ್ಚಿಸಿ ಸ್ಟೀರಾಯ್ಡನ್ನು ಹಂತಹಂತವಾಗಿ ಬಿಡಿಸಿದೆ. ರ‍್ಯಾಂಕ್-ಎಲ್ ಅನ್ನೇ ತಡೆಯುವ ಡೆನೊಸುಮ್ಯಾಬ್ 60 ಮಿಲಿಗ್ರಾಂ ಚುಚ್ಚುಮದ್ದನ್ನು 6 ತಿಂಗಳಿಗೊಮ್ಮೆ ಕೊಡಲಾರಂಭಿಸಿದೆ. ಅದನ್ನು ನಡುವೆ ನಿಲ್ಲಿಸಿದರೆ ಮೂಳೆ ಮತ್ತೆ ವೇಗವಾಗಿ ಕರಗಿ ಕಶೇರುಗಳು ಮುರಿಯಬಹುದಾದ್ದರಿಂದ, ಮುಂದಿನ ದಿನಾಂಕವನ್ನು ಅವರ ಮಗನ ಮೊಬೈಲಿನಲ್ಲಿಯೂ ಬರೆಸಿದೆ.

ಈಗ 3 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ, ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನ್ ಬೇಕಾಗುವ ಯಾರಿಗೇ ಆಗಲಿ, ಆರಂಭದಲ್ಲೇ ಮೂಳೆ ಮುರಿತದ ಅಪಾಯವನ್ನು ಅಂದಾಜಿಸುತ್ತೇನೆ. ತೂಕದ ಜೊತೆಗೆ ಎತ್ತರವನ್ನೂ ಅಳೆಯುತ್ತೇನೆ. ಅದಕ್ಕೆ ಅರ್ಧ ನಿಮಿಷವೂ ಬೇಡ.

ಎರಡು ವರ್ಷಗಳ ಬಳಿಕ ಅವರ ಟಿ-ಸ್ಕೋರ್ ಮೈನಸ್ 2.7ಕ್ಕೆ ಬಂದಿದೆ. ಕುಸಿದ ಕಶೇರುಗಳು ಮತ್ತೆ ಎತ್ತರವಾಗುವುದಿಲ್ಲ. ಮನೆಯವರು ನಾಗಂದಿಗೆಯನ್ನು ಒಂದು ಗೇಣು ಕೆಳಗಿಳಿಸಿದ್ದಾರೆ.