ರೂಕಿ ರನ್ನಿಂಗ್ ಬ್ಯಾಕ್ ಆರಿಸುವಾಗ ಓಟಕ್ಕಿಂತ ಮೊದಲು ನೋಡಬೇಕಾದ್ದು

ಆಗಸ್ಟ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಫ್ಯಾಂಟಸಿ ಫುಟ್‌ಬಾಲ್ ಲೀಗ್ ಶುರು (ಅಮೆರಿಕನ್ ಫುಟ್‌ಬಾಲ್, ಚೆಂಡು ಹಿಡಿದು ಓಡುವ ಆಟ). ಫ್ಯಾಂಟಸಿ ಕ್ರಿಕೆಟ್ ಆಡಿ ಬಂದವರಿಗೆ ಇಲ್ಲಿನ ಒಂದು ವ್ಯತ್ಯಾಸ ಮೊದಲೇ ಗೊತ್ತಿರಲಿ. ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ ಕಟ್ಟಬಹುದು. ಇಲ್ಲಿ ಹನ್ನೆರಡು ಜನರ ಲೀಗ್ ಆದರೆ, ಡ್ರಾಫ್ಟ್‌ನಲ್ಲಿ, ಅಂದರೆ ಸರದಿಯಂತೆ ಆಟಗಾರರನ್ನು ಆರಿಸುವಾಗ, ಒಬ್ಬರು ಎತ್ತಿಕೊಂಡ ಆಟಗಾರ ಉಳಿದ 11 ಜನರಿಗೆ ಸಿಗುವುದಿಲ್ಲ, ನೀವು ಆರಿಸಿದವನ ಜೊತೆ ಇಡೀ ಸೀಸನ್ ಸಂಸಾರ ಮಾಡಬೇಕು. ಈ ಆಯ್ಕೆಯಲ್ಲಿ ಜನ ಹೆಚ್ಚು ಮೋಸಹೋಗುವುದು ರೂಕಿ ರನ್ನಿಂಗ್ ಬ್ಯಾಕ್‌ಗಳ ವಿಷಯದಲ್ಲೇ, ಅಂದರೆ ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದ ಮೊದಲ ವರ್ಷದ ಆಟಗಾರರ ವಿಷಯದಲ್ಲಿ. ಕಾಲೇಜು ಪಂದ್ಯದಲ್ಲಿ ಮೂವರನ್ನು ತಪ್ಪಿಸಿ ಓಡಿದ ವಿಡಿಯೊ ನೋಡಿ ಮನಸ್ಸು ಕೊಟ್ಟುಬಿಡುತ್ತಾರೆ. ಅಂಕ ಬರಬೇಕಾದರೆ ಮೊದಲು ಚೆಂಡು ಕೈಗೆ ಸಿಗಬೇಕಲ್ಲ!

2021ರ ಲೆಕ್ಕವನ್ನೇ ನೋಡಿ. ಸ್ಟೀಲರ್ಸ್ ತಂಡದ ರೂಕಿ ನಾಜಿ ಹ್ಯಾರಿಸ್ ಒಂದು ಕ್ಯಾರಿಗೆ, ಅಂದರೆ ಚೆಂಡು ಹಿಡಿದು ಓಡಿದ ಒಂದು ಸಲಕ್ಕೆ, ಸರಾಸರಿ 3.9 ಯಾರ್ಡ್ ಓಡಿದ, ಅಂದರೆ ಸಾಧಾರಣ ಓಟ. ಬ್ರೌನ್ಸ್‌ನ ನಿಕ್ ಚಬ್ ಅದೇ ವರ್ಷ 5.5 ಯಾರ್ಡ್ ಓಡಿದ. ಆದರೆ ಹ್ಯಾರಿಸ್‌ಗೆ 307 ಕ್ಯಾರಿ, 74 ಕ್ಯಾಚ್ ಸಿಕ್ಕವು. ಪಿಪಿಆರ್ ಲೆಕ್ಕದಲ್ಲಿ, ಅಂದರೆ ಹತ್ತು ಯಾರ್ಡ್‌ಗೆ 1, ಕ್ಯಾಚ್‌ಗೆ 1, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್‌ಲೈನ್ ದಾಟಿಸಿದ್ದಕ್ಕೆ) 6 ಎಂದು ಹಿಡಿದರೆ, ಹ್ಯಾರಿಸ್‌ಗೆ 300 ಅಂಕ, ಚಬ್‌ಗೆ 215ರ ಆಸುಪಾಸು. ಚಬ್ ಮೂರು ಪಂದ್ಯ ಕಡಿಮೆ ಆಡಿದ್ದು ನಿಜ, ಆದರೆ ಪಂದ್ಯವಾರು ಲೆಕ್ಕ ಹಾಕಿದರೂ ಹ್ಯಾರಿಸೇ ಎರಡು ಅಂಕ ಮುಂದೆ.

ಮೊದಲ ಜರಡಿ: ಎನ್‌ಎಫ್‌ಎಲ್ ಯಾವ ಸುತ್ತಿನಲ್ಲಿ ಎತ್ತಿಕೊಂಡಿತು?

ಎನ್‌ಎಫ್‌ಎಲ್ ಎಂದರೆ ಅಲ್ಲಿನ ವೃತ್ತಿಪರ ಲೀಗ್. ಅದರ ತಂಡಗಳು ಕಾಲೇಜು ಆಟಗಾರರನ್ನು ಆರಿಸುವ ಏಪ್ರಿಲ್ ಕೊನೆಯ ಡ್ರಾಫ್ಟ್‌ನಲ್ಲಿ ಏಳು ಸುತ್ತು. ಮೊದಲ ಸುತ್ತಿನಲ್ಲಿ ರನ್ನಿಂಗ್ ಬ್ಯಾಕ್ ಆರಿಸಿದ ತಂಡ ಅವನನ್ನು ಬೆಂಚಿನ ಮೇಲೆ ಕೂರಿಸಲು ಆರಿಸಿರುವುದಿಲ್ಲ. 2016ರಲ್ಲಿ 4ನೇ ಆಯ್ಕೆಯಾದ ಎಝೆಕಿಯಲ್ ಎಲಿಯಟ್ ಮೊದಲ ವರ್ಷವೇ 1631 ಯಾರ್ಡ್ ಓಡಿದ. 2018ರಲ್ಲಿ 2ನೇ ಆಯ್ಕೆಯಾದ ಸೇಕ್ವಾನ್ ಬಾರ್ಕ್ಲಿ ಓಟ, ಕ್ಯಾಚ್ ಎರಡೂ ಸೇರಿ 2000 ಯಾರ್ಡ್ ದಾಟಿದ, 91 ಕ್ಯಾಚ್ ಹಿಡಿದ. ಎರಡು, ಮೂರನೇ ಸುತ್ತಿನವರು ಎರಡನೇ ದರ್ಜೆ ಎಂದುಕೊಳ್ಳಬೇಡಿ. ಆಲ್ವಿನ್ ಕಮಾರಾ, ಕರೀಂ ಹಂಟ್ ಇಬ್ಬರೂ 2017ರ ಮೂರನೇ ಸುತ್ತಿನವರು. ನಾಲ್ಕನೇ ಸುತ್ತಿನಿಂದ ಕೆಳಗೆ ಮಾತ್ರ ಕೈ ಬಿಗಿ ಹಿಡಿಯಿರಿ. ಅಲ್ಲಿ ಆರಿಸಿದವನನ್ನು ಕೂರಿಸಿದರೆ ತಂಡಕ್ಕೆ ದೊಡ್ಡ ನಷ್ಟವಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಹಾಗಂತ ಈ ಜರಡಿಯನ್ನೇ ದೇವರೆಂದು ನಂಬುವಂತಿಲ್ಲ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಮೂರನೇ ಸುತ್ತಿನಲ್ಲಿ ಟ್ರೇ ಸರ್ಮನ್‌ನನ್ನೂ ಆರನೇ ಸುತ್ತಿನಲ್ಲಿ ಎಲೈಜಾ ಮಿಚೆಲ್‌ನನ್ನೂ ತೆಗೆದುಕೊಂಡಿತು. ಫ್ಯಾಂಟಸಿ ಆಡುವವರೆಲ್ಲ ಸರ್ಮನ್ ಹಿಂದೆ ಬಿದ್ದರು. ಮೊದಲ ಪಂದ್ಯದ ದಿನ ಸರ್ಮನ್‌ಗೆ ಗಾಯವೇನೂ ಇರಲಿಲ್ಲ, ಆದರೂ ಆಡುವ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಮುಖ್ಯ ರನ್ನಿಂಗ್ ಬ್ಯಾಕ್ ರಹೀಂ ಮಾಸ್ಟರ್ಟ್ ಗಾಯಗೊಂಡು ಹೊರಹೋದಾಗ ಚೆಂಡು ಸಿಕ್ಕಿದ್ದು ಮಿಚೆಲ್‌ಗೆ. ಆ ವರ್ಷ ಅವನು 963 ಯಾರ್ಡ್ ಓಡಿದ. ಡ್ರಾಫ್ಟ್ ಸುತ್ತು ಹೇಳುವುದು ಏಪ್ರಿಲ್‌ನ ಅಭಿಪ್ರಾಯ. ಆಗಸ್ಟ್‌ನಲ್ಲಿ ಕೋಚ್ ಅಭಿಪ್ರಾಯ ಬದಲಾಗಿದೆಯೇ ಎಂದು ನೋಡುವುದು ನಿಮ್ಮ ಕೆಲಸ.

ಎರಡನೇ ಕೆಲಸ: ಖಾಲಿ ಜಾಗ ಅಳೆಯುವುದು

ಇದಕ್ಕೆ ಕಾಗದ, ಪೆನ್ನು ಹಿಡಿದು ಕೂರಬೇಕು. ಕಳೆದ ವರ್ಷ ಆ ತಂಡದ ರನ್ನಿಂಗ್ ಬ್ಯಾಕ್‌ಗಳಿಗೆಲ್ಲ ಸೇರಿ ಸಿಕ್ಕ ಕ್ಯಾರಿ ಎಷ್ಟು, ಕ್ಯಾಚ್ ಎಷ್ಟು ಬರೆಯಿರಿ. ತಂಡ ಬಿಟ್ಟು ಹೋದವರ ಪಾಲನ್ನು ಬೇರೆ ಬರೆಯಿರಿ. ರೂಕಿಗೆ ಮೊದಲು ಸಿಗುವುದು ಈ ಖಾಲಿ ಪಾಲಿನಿಂದಲೇ. ಉಳಿದ ಹಿರಿಯನೊಬ್ಬ ಗಟ್ಟಿಯಾಗಿದ್ದರೆ ರೂಕಿ ಎಷ್ಟೇ ಪ್ರತಿಭಾವಂತನಾದರೂ ಪಾಲುಗಾರನೇ. 2023ರಲ್ಲಿ 8ನೇ ಆಯ್ಕೆಯಾದ ಬಿಜಾನ್ ರಾಬಿನ್ಸನ್‌ನನ್ನು ಹಲವು ಫ್ಯಾಂಟಸಿ ಲೀಗ್‌ಗಳಲ್ಲಿ ಮೊದಲ ಸುತ್ತಿನಲ್ಲೇ ಎತ್ತಿಕೊಂಡರು. ಆದರೆ ಅಟ್ಲಾಂಟಾ ತಂಡ ಟೈಲರ್ ಆಲ್ಜಿಯರ್‌ಗೂ 186 ಕ್ಯಾರಿ ಕೊಟ್ಟಿತು. ರಾಬಿನ್ಸನ್‌ಗೆ ಸಿಕ್ಕಿದ್ದು ಒಟ್ಟು ಎಂಟೇ ಟಚ್‌ಡೌನ್. ಕೆಟ್ಟ ವರ್ಷವಲ್ಲ, ಕೊಟ್ಟ ಬೆಲೆಗೆ ತಕ್ಕ ವರ್ಷವೂ ಅಲ್ಲ.

ಆಮೇಲೆ ಗುಣಿಸಿ. ರೂಕಿಗೆ 200 ಕ್ಯಾರಿ, ಒಂದಕ್ಕೆ 4.3 ಯಾರ್ಡ್ ಎಂದರೆ 860 ಯಾರ್ಡ್, 86 ಅಂಕ. 40 ಕ್ಯಾಚ್‌ಗೆ 40 ಅಂಕ, ಅದರಿಂದ ಬರುವ ಸುಮಾರು 300 ಯಾರ್ಡ್‌ಗೆ 30. ಏಳು ಟಚ್‌ಡೌನ್‌ಗೆ 42. ಒಟ್ಟು 198, ಅಂದರೆ 17 ಪಂದ್ಯದಲ್ಲಿ ಪಂದ್ಯಕ್ಕೆ 11.6. ಹನ್ನೆರಡು ಜನರ ಲೀಗ್‌ನಲ್ಲಿ ಇವನು ನಿಮ್ಮ ಎರಡನೇ ರನ್ನಿಂಗ್ ಬ್ಯಾಕ್ ಆಗಬಹುದಾದ ಆಸಾಮಿ. ಇದೇ ಲೆಕ್ಕದಲ್ಲಿ ಕ್ಯಾಚ್ 15ಕ್ಕೆ ಇಳಿಸಿ ನೋಡಿ. ಯಾರ್ಡ್ ಸೇರಿ 40ಕ್ಕೂ ಹೆಚ್ಚು ಅಂಕ ಹೋಗುತ್ತದೆ, ಅಂದರೆ ಏಳು ಟಚ್‌ಡೌನ್ ಕಳೆದುಕೊಂಡಷ್ಟು.

ಆದ್ದರಿಂದ ಕಾಲೇಜಿನ ಓಟದ ಯಾರ್ಡ್‌ಗಿಂತ ಕ್ಯಾಚ್ ಸಂಖ್ಯೆ ನನಗೆ ಮುಖ್ಯ. ಕಮಾರಾ ಮೊದಲ ವರ್ಷ ಓಡಿದ್ದು 728 ಯಾರ್ಡ್ ಮಾತ್ರ, ಆದರೆ 81 ಕ್ಯಾಚ್‌ನಿಂದ 826 ಯಾರ್ಡ್ ತಂದ. ಕ್ಯಾಚ್ ಹಿಡಿಯುವುದಕ್ಕೆ ಅಂಟಿಕೊಂಡ ಇನ್ನೊಂದು ವಿದ್ಯೆ ಇದೆ: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುವ ಡಿಫೆಂಡರ್‌ನನ್ನು ಗುರುತಿಸಿ ತಡೆಯುವುದು. ಇದು ಬಾರದವನನ್ನು ಮೂರನೇ ಡೌನ್‌ನಲ್ಲಿ, ಅಂದರೆ ಹತ್ತು ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ, ಹೊರಗೆ ಕರೆಯುತ್ತಾರೆ, ಕ್ಯಾಚ್‌ಗಳೂ ಅವನ ಜೊತೆಗೇ ಹೊರಗೆ ಹೋಗುತ್ತವೆ. ಹೈಲೈಟ್ ವಿಡಿಯೊದಲ್ಲಿ ಇದು ಎಂದೂ ಕಾಣುವುದಿಲ್ಲ. ಪೂರ್ತಿ ಪಂದ್ಯ ನೋಡಿ, ಮೂರನೇ ಡೌನ್‌ನಲ್ಲಿ ಅವನು ಮೈದಾನದಲ್ಲಿದ್ದನೇ ಎಂಬುದಷ್ಟನ್ನೇ ಎಣಿಸಿ.

ಗೋಲ್‌ಲೈನ್ ಬಳಿ ಯಾರ ಕೈಗೆ ಚೆಂಡು ಎಂಬುದೂ ದೊಡ್ಡ ಪ್ರಶ್ನೆ. 2023ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ತಾನೇ ನುಗ್ಗಿ 15 ಟಚ್‌ಡೌನ್ ಹೊಡೆದ. ಅಲ್ಲಿನ ಮುಖ್ಯ ರನ್ನಿಂಗ್ ಬ್ಯಾಕ್ ಡಿಆಂಡ್ರೆ ಸ್ವಿಫ್ಟ್‌ಗೆ ಉಳಿದದ್ದು ಐದು. ಎಪ್ಪತ್ತು ಯಾರ್ಡ್ ಹೊತ್ತು ತಂದವನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಅಂಥ ತಂಡಕ್ಕೆ ಹೋದ ರೂಕಿಗೆ ಟಚ್‌ಡೌನ್ ಅಂದಾಜು ಕಡಿಮೆಯೇ ಬರೆದುಕೊಳ್ಳಿ.

ವೇಗ, ತೂಕ

ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ದೈಹಿಕ ಪರೀಕ್ಷೆಯ 40 ಯಾರ್ಡ್ ಓಟದ ಸಮಯವನ್ನು ಒಂಟಿಯಾಗಿ ನೋಡಿದರೆ ದಾರಿ ತಪ್ಪುತ್ತದೆ. ಅದಕ್ಕೆ ಸ್ಪೀಡ್ ಸ್ಕೋರ್ ಎಂಬ ಲೆಕ್ಕವಿದೆ. ಪೌಂಡ್ ತೂಕವನ್ನು 200ರಿಂದ ಗುಣಿಸಿ, ಓಟದ ಸಮಯದ ನಾಲ್ಕನೇ ಘಾತದಿಂದ ಭಾಗಿಸಬೇಕು. 100 ಬಂದರೆ ಸಾಧಾರಣ. 226 ಪೌಂಡಿನ ಜಾನಥನ್ ಟೇಲರ್ 4.39 ಸೆಕೆಂಡಿನಲ್ಲಿ ಓಡಿ 122 ಗಿಟ್ಟಿಸಿದ. 188 ಪೌಂಡಿನ ಡೆವಾನ್ ಏಚ್ಯಾನ್ 4.32ರಲ್ಲಿ ಓಡಿದರೂ ಬಂದದ್ದು 108. ಏಚ್ಯಾನ್ 2023ರಲ್ಲಿ 103 ಕ್ಯಾರಿಗೇ 800 ಯಾರ್ಡ್ ಓಡಿ ಎಲ್ಲರನ್ನೂ ದಂಗುಬಡಿಸಿದ, ಆದರೆ ಆಡಿದ್ದು 11 ಪಂದ್ಯ. ಈ ಸಂಖ್ಯೆಯನ್ನು ಇಬ್ಬರು ಸಮಾನರ ನಡುವೆ ತೀರ್ಮಾನ ಮಾಡಲು ಬಳಸಿ, ಅದಕ್ಕಿಂತ ಹೆಚ್ಚು ಭಾರ ಹೊರಿಸಬೇಡಿ.

ಗಾಯದ ಚರಿತ್ರೆ ಇದ್ದವನು ಆ ವರ್ಷದ ಮಟ್ಟಿಗೆ ಬೇಡ. 2024ರಲ್ಲಿ ಎಲ್ಲರಿಗಿಂತ ಮೊದಲು ಡ್ರಾಫ್ಟ್ ಆದ ರನ್ನಿಂಗ್ ಬ್ಯಾಕ್ ಜೊನಾಥನ್ ಬ್ರೂಕ್ಸ್ ಹಿಂದಿನ ನವೆಂಬರ್‌ನಲ್ಲಿ ಮೊಣಕಾಲಿನ ಎಸಿಎಲ್ ಹರಿದುಕೊಂಡಿದ್ದ. ಮೂರು ಪಂದ್ಯ ಆಡುವಷ್ಟರಲ್ಲಿ ಅದೇ ಮೊಣಕಾಲು ಮತ್ತೆ ಹೋಯಿತು. ಅದೇ ವರ್ಷ ನಾಲ್ಕನೇ ಸುತ್ತಿನ ಬಕಿ ಇರ್ವಿಂಗ್ 1122 ಯಾರ್ಡ್ ಓಡಿದ.

ಆಗಸ್ಟ್‌ನಲ್ಲಿ ಕಣ್ಣಿಡಬೇಕಾದ್ದು

ಸೀಸನ್‌ಗೆ ಮುಂಚಿನ ಅಭ್ಯಾಸದ, ಅಂದರೆ ಪ್ರಿಸೀಸನ್ ಪಂದ್ಯದಲ್ಲಿ ರೂಕಿ 80 ಯಾರ್ಡ್ ಓಡಿದ ಎಂಬ ಸುದ್ದಿಗೆ ಕುಣಿಯಬೇಡಿ. ಯಾವ ಕ್ವಾರ್ಟರ್‌ನಲ್ಲಿ, ಯಾರ ಜೊತೆ ಓಡಿದ? ಮುಖ್ಯ ಕ್ವಾರ್ಟರ್‌ಬ್ಯಾಕ್ ಜೊತೆ, ತಂಡದ ಕೈಗೆ ಚೆಂಡು ಬಂದ ಎರಡು ಸರದಿ ಆಡಿ, ಟೋಪಿ ಹಾಕಿಕೊಂಡು ಬೆಂಚಿಗೆ ಹೋದವನು ತಂಡದ ಲೆಕ್ಕದಲ್ಲಿ ದೊಡ್ಡವನು. ನಾಲ್ಕನೇ ಕ್ವಾರ್ಟರ್‌ವರೆಗೂ ಬೆವರು ಸುರಿಸುತ್ತಿರುವವನು ಇನ್ನೂ ಪರೀಕ್ಷೆ ಬರೆಯುತ್ತಿದ್ದಾನೆ.

ತಂಡಗಳು 53 ಜನಕ್ಕೆ ಇಳಿಯುವ ಆಗಸ್ಟ್ ಕೊನೆಯ ವಾರದ ನಂತರ ನಿಮ್ಮ ಡ್ರಾಫ್ಟ್ ಇದ್ದರೆ ಅದು ಅದೃಷ್ಟ. 2020ರಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ಆ ಹೊತ್ತಿಗೆ ಲೆನರ್ಡ್ ಫರ್ನೆಟ್‌ನನ್ನು ಕೈಬಿಟ್ಟಿತು. ಏಳು ಸುತ್ತಿನಲ್ಲೂ ಯಾರಿಗೂ ಬೇಡವಾಗಿದ್ದ ಜೇಮ್ಸ್ ರಾಬಿನ್ಸನ್ ಆ ಜಾಗದಲ್ಲಿ ನಿಂತು 1070 ಯಾರ್ಡ್ ಓಡಿದ. ಆ ಸುದ್ದಿ ಓದಿ ಕೊನೆಯ ಸುತ್ತಿನಲ್ಲಿ ಅವನನ್ನು ಎತ್ತಿದವರಿಗೆ ಪುಕ್ಕಟೆ ಲಾಭ.

ಬೆಲೆ

ನಿಮ್ಮ ಕಾಗದದ ಅಂಕವನ್ನು ಅವನ ಎಡಿಪಿ ಪಕ್ಕ ಇಡಿ, ಅಂದರೆ ಸರಾಸರಿಯಾಗಿ ಅವನು ಯಾವ ಆಯ್ಕೆಯಲ್ಲಿ ಹೋಗುತ್ತಿದ್ದಾನೆ ಎಂಬುದರ ಪಕ್ಕ. 2020ರಲ್ಲಿ ಕ್ಯಾನ್ಸಸ್ ಸಿಟಿಯ ರನ್ನಿಂಗ್ ಬ್ಯಾಕ್ ಡೇಮಿಯನ್ ವಿಲಿಯಮ್ಸ್ ಕೋವಿಡ್ ಕಾರಣಕ್ಕೆ ಸೀಸನ್ ಬಿಟ್ಟಿದ್ದೇ ತಡ, ಅದೇ ತಂಡದ ರೂಕಿ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಬೆಲೆ ಫ್ಯಾಂಟಸಿಯ ಮೊದಲ ಸುತ್ತಿಗೆ ಏರಿತು. ಓಡಿದ್ದು 803 ಯಾರ್ಡ್, ಓಟದ ಟಚ್‌ಡೌನ್ ನಾಲ್ಕು. ಅಕ್ಟೋಬರ್‌ನಲ್ಲಿ ತಂಡ ಲೆವಿಯಾನ್ ಬೆಲ್‌ನನ್ನೂ ಕರೆತಂದಿತು. ಪಾಲು ಹಂಚಿಕೊಳ್ಳುವ ರೂಕಿಗೆ ಐದರಿಂದ ಎಂಟನೇ ಸುತ್ತಿನ ಬೆಲೆ ಸರಿ. ನಾಲ್ಕರೊಳಗೆ ಕೊಡುವುದಾದರೆ ಕ್ಯಾರಿ, ಕ್ಯಾಚ್, ಗೋಲ್‌ಲೈನ್ ಮೂರೂ ಅವನದೇ ಎಂಬುದು ಖಾತ್ರಿಯಿರಬೇಕು.

ರೂಕಿಯ ಅಂಕಗಳು ಸೀಸನ್ನಿನ ಹಿಂಭಾಗಕ್ಕೆ ವಾಲುವುದು ಸಾಮಾನ್ಯ. ಪಾಠ ಕಲಿಯಲು ಅವನಿಗೆ ಸಮಯ ಬೇಕು, ಹಿರಿಯನಿಗೆ ಗಾಯವಾಗಲೂ ಸಮಯ ಬೇಕು. 2023ರಲ್ಲಿ ಡೆಟ್ರಾಯಿಟ್‌ನ ಜಮೀರ್ ಗಿಬ್ಸ್ ಕೈ ಬಿಚ್ಚಿದ್ದು ಡೇವಿಡ್ ಮಾಂಟ್ಗಮರಿ ಗಾಯಗೊಂಡು ಹೊರಗಿದ್ದಾಗ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಅಂಕ ತರಲು ಒಬ್ಬ ಹಿರಿಯನನ್ನು ಜೊತೆಗೆ ಇಟ್ಟುಕೊಳ್ಳಿ, ರೂಕಿಯನ್ನು ಮೂರನೇ ವಾರದಲ್ಲೇ ಬೇಸತ್ತು ಬಿಟ್ಟುಬಿಡಬೇಡಿ. ಆರು ಬೆಂಚ್ ಜಾಗ ಇದ್ದರೆ ಇಂಥ ಕಾಯುವ ರೂಕಿಗಳು ಇಬ್ಬರು ಸಾಕು. ಮೂವರಾದರೆ ಬೈ ವಾರಗಳಲ್ಲಿ, ಅಂದರೆ ಆಟಗಾರನ ತಂಡಕ್ಕೆ ಪಂದ್ಯವಿಲ್ಲದ ವಾರಗಳಲ್ಲಿ, ಆಡಿಸಲು ಆಳು ಸಿಗುವುದಿಲ್ಲ. ಟೇಲರ್ 2020ರಲ್ಲಿ ಒಂದೇ ಪಂದ್ಯದಲ್ಲಿ 253 ಯಾರ್ಡ್ ಓಡಿದ್ದು ಕೊನೆಯ ವಾರದಲ್ಲಿ, ಅಷ್ಟರಲ್ಲಿ ಹೆಚ್ಚಿನ ಲೀಗ್‌ಗಳ ಫೈನಲ್ ಮುಗಿದಿತ್ತು!

ಡೈನಾಸ್ಟಿ ಲೀಗ್ ಆದರೆ, ಅಂದರೆ ಆಟಗಾರ ವರ್ಷಾನುಗಟ್ಟಲೆ ನಿಮ್ಮವನೇ ಆಗಿರುವ ಲೀಗ್, ಒಂದು ತಿದ್ದುಪಡಿ. ಮೊದಲ ವರ್ಷದ ಮಟ್ಟಿಗೆ ಬೇಡ ಎಂದ ಕ್ಯಾರಿ ಸರಾಸರಿ ಇಲ್ಲಿ ಬೇಕು. 2012ರ 3ನೇ ಆಯ್ಕೆ ಟ್ರೆಂಟ್ ರಿಚರ್ಡ್‌ಸನ್ ಮೊದಲ ವರ್ಷ ಓಡಿಯೇ 11 ಟಚ್‌ಡೌನ್ ಹೊಡೆದ, ಆದರೆ ಕ್ಯಾರಿಗೆ 3.6 ಯಾರ್ಡ್ ಮಾತ್ರ. ಮರುವರ್ಷದ ಸೆಪ್ಟೆಂಬರ್‌ನಲ್ಲೇ ಬ್ರೌನ್ಸ್ ಅವನನ್ನು ಕೋಲ್ಟ್ಸ್‌ಗೆ ಕೊಟ್ಟು ಬದಲಿಗೆ ಮೊದಲ ಸುತ್ತಿನ ಆಯ್ಕೆ ಪಡೆಯಿತು. ಫ್ಯಾಂಟಸಿಯಲ್ಲೂ ಅಂಥವನನ್ನು ಮಾರಬೇಕಾದ ಹೊತ್ತು ಮೊದಲ ಸೀಸನ್ ಮುಗಿದ ಜನವರಿ, ಟಚ್‌ಡೌನ್‌ಗಳ ನೆನಪು ಜನರಲ್ಲಿ ಇನ್ನೂ ಬಿಸಿಯಾಗಿರುವಾಗ.