ಸಾಲದ ಅಗ್ರಿಮೆಂಟ್ ಕಾಪಿ ಬ್ಯಾಂಕಿನಿಂದ ಪಡೆದದ್ದು: ನನ್ನ ಅನುಭವ

ಶಿಡ್ಲಘಟ್ಟದಲ್ಲಿ ನನ್ನ ಹಾಗೆ ರೇಷ್ಮೆ ನೂಲು ಬಿಚ್ಚುವ ರೀಲರ್‌ಗಳನ್ನು ಕೇಳಿ ನೋಡಿ. ಸಾಲ ಇದೆ, ಕಂತು ಕಟ್ಟುತ್ತಾರೆ, ಆದರೆ ಸಾಲದ ಅಗ್ರಿಮೆಂಟ್ ಕಾಪಿ ಇರುವವರು ಅಪರೂಪ. ಮಂಜೂರಾತಿ ಪತ್ರದ ಒಂದೆರಡು ಹಾಳೆ ಇರುತ್ತದೆ, ಅಷ್ಟೇ. ನಾವು ಸಹಿ ಹಾಕಿದ ದಪ್ಪ ಕಟ್ಟು ಬ್ಯಾಂಕಿನಲ್ಲೇ ಉಳಿಯುತ್ತದೆ.

ನನಗೂ ಕೊಟ್ಟಿರಲಿಲ್ಲ. ರೀಲಿಂಗ್ ಮೆಷಿನ್‌ಗೆ ಸರ್ಕಾರಿ ಬ್ಯಾಂಕೊಂದರಲ್ಲಿ ಸಾಲ ತೆಗೆದಿದ್ದೆ. 2022ರ ಮೇ ಆದ ಮೇಲೆ ಬಡ್ಡಿ ಏರುತ್ತಲೇ ಹೋಯಿತು. ಅದರ ಜೊತೆಗೆ ಸ್ಟೇಟ್‌ಮೆಂಟಿನಲ್ಲಿ ಇನ್ಶೂರೆನ್ಸ್ ಎಂದು ಒಂದು ಕಡಿತ. ಮೆಷಿನ್‌ಗೂ ರೇಷ್ಮೆ ಗೂಡಿನ ದಾಸ್ತಾನಿಗೂ ನಾನೇ ಪಾಲಿಸಿ ಮಾಡಿಸಿ, ಅದರ ಜೆರಾಕ್ಸ್ ಶಾಖೆಗೆ ಕೊಟ್ಟಿದ್ದೆ. ಹಾಗಿದ್ದ ಮೇಲೆ ಈ ಕಡಿತ ಯಾವ ಲೆಕ್ಕದಲ್ಲಿ? ಅಗ್ರಿಮೆಂಟಿನಲ್ಲಿ ಏನಿದೆ ಎಂದು ನೋಡದೆ ಜಗಳ ಆಡುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಶಾಖೆಗೆ ಹೋಗಿ ಕಾಪಿ ಕೇಳಿದೆ. ‘ಫೈಲ್ ಬೆಂಗಳೂರಿನಲ್ಲಿದೆ’ ಎಂದರು. ಇನ್ನೊಮ್ಮೆ ಹೋದಾಗ ‘ಅದು ಬ್ಯಾಂಕಿನ ದಾಖಲೆ, ಕಸ್ಟಮರ್‌ಗೆ ಕೊಡುವ ಹಾಗಿಲ್ಲ’ ಎಂದರು. ಮೊದಲನೆಯದು ನಿಜ ಇರಬಹುದು. ಎರಡನೆಯದು ಖಂಡಿತ ತಪ್ಪು. ಸಾಲ ಮಂಜೂರು ಮಾಡುವಾಗ ಅಥವಾ ಹಣ ಬಿಡುಗಡೆ ಮಾಡುವಾಗ, ಅಗ್ರಿಮೆಂಟ್ ಪ್ರತಿಯನ್ನೂ ಅದರಲ್ಲಿ ಹೇಳಿರುವ ಎಲ್ಲ ಲಗತ್ತುಗಳನ್ನೂ ಸಾಲಗಾರನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನ್ಯಾಯಯುತ ನಡವಳಿಕೆ ಸಂಹಿತೆ ಹೇಳುತ್ತದೆ. ಅದು 2003ರಿಂದಲೇ ಇದೆ. ಅಂದರೆ ನಾವು ಕೇಳುತ್ತಿರುವುದು ಉಪಕಾರವಲ್ಲ.

ಬಾಯಿಮಾತಿನಲ್ಲಿ ಕೇಳುವುದನ್ನು ಅಲ್ಲಿಗೆ ನಿಲ್ಲಿಸಿ ಪತ್ರ ಬರೆದೆ. ಈ ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕೆಲಸ ಆಗಿದ್ದೇ ಅದರಿಂದ. ಸುಮ್ನೆ ‘ಸಾಲದ ಕಾಗದ ಕೊಡಿ’ ಎಂದು ಬರೆದರೆ ಮಂಜೂರಾತಿ ಪತ್ರದ ಜೆರಾಕ್ಸ್ ಕೈಗಿಟ್ಟು ಕಳಿಸುತ್ತಾರೆ. ಅದಕ್ಕೆ ಹೀಗೆ ಬರೆದೆ: ‘ನನ್ನ ಈ ಸಾಲ ಖಾತೆಗೆ ಸಂಬಂಧಿಸಿದಂತೆ ನಾನು ಮತ್ತು ಜಾಮೀನುದಾರರು ಸಹಿ ಮಾಡಿರುವ ಸಾಲದ ಒಪ್ಪಂದ, ಹೈಪಾಥಿಕೇಶನ್ ಪತ್ರ, ಜಾಮೀನು ಪತ್ರ, ಷೆಡ್ಯೂಲ್‌ಗಳು ಮತ್ತು ಎಲ್ಲ ಲಗತ್ತುಗಳ ದೃಢೀಕೃತ ಪ್ರತಿ ಬೇಕು. ಕೊಡಲು ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ.’ ಹೈಪಾಥಿಕೇಶನ್ ಪತ್ರ ಎಂದರೆ ಮೆಷಿನ್ ನಮ್ಮ ಬಳಿಯೇ ಇದ್ದು ಅದನ್ನು ಸಾಲಕ್ಕೆ ಭದ್ರತೆಯಾಗಿ ಬರೆದುಕೊಟ್ಟ ಕಾಗದ. ಪತ್ರದ ಕೊನೆಯ ಸಾಲು ಬಿಡಬೇಡಿ. ಕೊಡುವುದಿಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ, ಸಹಿ ಹಾಕಿ ಬರೆದುಕೊಡುವುದು ಕಷ್ಟ. ಬಡ್ಡಿ, ಇನ್ಶೂರೆನ್ಸ್ ತಕರಾರನ್ನು ಅದೇ ಪತ್ರದಲ್ಲಿ ತುರುಕಲಿಲ್ಲ. ತುರುಕಿದ್ದರೆ ಅದಕ್ಕೆ ಮಾತ್ರ ಏನೋ ಒಂದು ಉತ್ತರ ಬರೆದು ಕಾಪಿ ವಿಷಯ ತೇಲಿಸಿಬಿಡುತ್ತಿದ್ದರು.

ಎರಡು ಪ್ರತಿ ಮಾಡಿಕೊಂಡು ಹೋಗಿ, ನನ್ನ ಪ್ರತಿಯ ಮೇಲೆ ಶಾಖೆಯ ಸೀಲು, ತಾರೀಖು, ಸಹಿ ಕೇಳಿದೆ. ‘ಮ್ಯಾನೇಜರ್ ಇಲ್ಲ, ಇಟ್ಟು ಹೋಗಿ’ ಎಂದರು. ಇಟ್ಟು ಬರಲಿಲ್ಲ. ಅಂಚೆ ಕಚೇರಿಗೆ ಹೋಗಿ ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಶಾಖೆಗೂ ಪ್ರಾದೇಶಿಕ ಕಚೇರಿಗೂ ಕಳಿಸಿದೆ. ತಲುಪಿದ ದಿನ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದಿಟ್ಟೆ. ಬ್ಯಾಂಕಿನ ಉತ್ತರಕ್ಕೆ ಕಾಯಬೇಕಾದ 30 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ.

30 ದಿನ ಕಳೆದರೂ ಉತ್ತರ ಬರಲಿಲ್ಲ. ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ ಒಂಬುಡ್ಸ್‌ಮನ್ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ 2021ರ ಏಕೀಕೃತ ಒಂಬುಡ್ಸ್‌ಮನ್ ಯೋಜನೆಯ ಕೆಳಗೆ, ರಿಸರ್ವ್ ಬ್ಯಾಂಕಿನ ದೂರು ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿದೆ. ದುಡ್ಡು ಕಟ್ಟಬೇಕಿಲ್ಲ, ವಕೀಲರೂ ಬೇಕಿಲ್ಲ. ಮೊದಲು ಬ್ಯಾಂಕಿಗೆ ಬರೆದು 30 ದಿನ ಕಾದಿರಬೇಕು, ಇಲ್ಲವೇ ಬಂದ ಉತ್ತರ ಸಮಾಧಾನ ತಂದಿರಬಾರದು. ನೇರವಾಗಿ ಅಲ್ಲಿಗೇ ಹೋದರೆ ದೂರು ನಿಲ್ಲುವುದಿಲ್ಲ. ಪತ್ರ, ಅಂಚೆ ರಸೀದಿ, ಟ್ರ್ಯಾಕಿಂಗ್ ಪ್ರಿಂಟ್ ಸ್ಕ್ಯಾನ್ ಮಾಡಿ ಹಾಕಿದೆ. ಇಂಟರ್ನೆಟ್ ಕಷ್ಟ ಎನ್ನುವವರಿಗೆ ರಿಸರ್ವ್ ಬ್ಯಾಂಕಿನ 14448 ಫೋನ್ ನಂಬರ್ ಇದೆ, ಕನ್ನಡದಲ್ಲೂ ಮಾತಾಡಬಹುದು.

ಸರ್ಕಾರಿ ಬ್ಯಾಂಕಾದರೆ ಮಾಹಿತಿ ಹಕ್ಕಿನ ದಾರಿಯೂ ಇದೆ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಾನು ಅರ್ಜಿ ಬರೆದಿಟ್ಟುಕೊಂಡಿದ್ದೆ, ಹಾಕುವ ಅಗತ್ಯ ಬೀಳಲಿಲ್ಲ. ಖಾಸಗಿ ಬ್ಯಾಂಕಿನ ಮೇಲೆ ಇದು ನಡೆಯುವುದಿಲ್ಲ.

ಒಂಬುಡ್ಸ್‌ಮನ್ ಕಚೇರಿಯಿಂದ ಬ್ಯಾಂಕಿಗೆ ದೂರು ಹೋದ ಮೇಲೆ ಶಾಖೆಯವರೇ ಫೋನ್ ಮಾಡಿ ಕರೆದರು. ಪುಟ ಪುಟಕ್ಕೂ ಸೀಲು ಬಿದ್ದ ಕಟ್ಟು ಕೊಟ್ಟರು. ‘ಸಿಕ್ಕಿತು, ದೂರು ವಾಪಸ್’ ಎಂದು ಬರೆದುಕೊಡಿ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಪುಟಗಳ ನಂಬರ್ ನೋಡಿದೆ. ಇನ್ಶೂರೆನ್ಸ್ ಷರತ್ತು ಇರುವ ಲಗತ್ತೇ ಇರಲಿಲ್ಲ. ಅದು ಬರುವ ತನಕ ಸಹಿ ಹಾಕುವುದಿಲ್ಲ ಎಂದೆ. ಅದನ್ನೂ ತರಿಸಿಕೊಟ್ಟರು.

ಓದಿದ ಮೇಲೆ ಗೊತ್ತಾಯಿತು, ಬಡ್ಡಿ ವಿಷಯದಲ್ಲಿ ಬ್ಯಾಂಕಿನವರದು ಸರಿ. ನನ್ನ ಸಾಲದ ಬಡ್ಡಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿದ್ದು, ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಆ ರೆಪೊ ದರ 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ಶೇ 4ರಿಂದ 6.5ಕ್ಕೆ ಹೋಗಿತ್ತು. ಆ ತಕರಾರು ಅಲ್ಲಿಗೇ ಬಿಟ್ಟೆ. ಇನ್ಶೂರೆನ್ಸ್ ಷರತ್ತಿನಲ್ಲಿ ಮಾತ್ರ ಸ್ಪಷ್ಟವಾಗಿತ್ತು: ಸಾಲಗಾರ ಪಾಲಿಸಿ ಮಾಡಿಸದಿದ್ದರೆ ಬ್ಯಾಂಕು ಮಾಡಿಸಿ ಖಾತೆಗೆ ಹಾಕಬಹುದು. ನಾನು ಮಾಡಿಸಿದ್ದೆ. ಆ ಷರತ್ತಿನ ಪುಟ, ನನ್ನ ಪಾಲಿಸಿ, ಎರಡನ್ನೂ ಸೇರಿಸಿ ಪ್ರತ್ಯೇಕ ಪತ್ರ ಕೊಟ್ಟೆ. ಈ ಸಲ ಸೀಲು ಕೇಳಿದ ಕೂಡಲೇ ಹಾಕಿದರು. ಕಡಿದ ಹಣ ಖಾತೆಗೆ ವಾಪಸ್ ಬಂತು.

ಹೊಸದಾಗಿ ಸಾಲ ತೆಗೆಯುವವರಿಗೆ ಒಂದು ಅನುಕೂಲ ಆಗಿದೆ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಕ್ಕೂ ಸಣ್ಣ ಉದ್ದಿಮೆ ಸಾಲಕ್ಕೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ, ಬಡ್ಡಿ, ಶುಲ್ಕ ಮುಂತಾದ ಮುಖ್ಯ ವಿವರಗಳ ಹಾಳೆ ಕೊಡಲೇಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಕನ್ನಡದಲ್ಲೇ ಕೊಡಿ ಎಂದು ಕೇಳಿ. ಜೊತೆಗೆ ಅಗ್ರಿಮೆಂಟ್ ಕಾಪಿಯನ್ನೂ ಸಹಿ ಹಾಕಿದ ದಿನವೇ ಕೇಳಿ.