ರಾಕಬಿಲಿ ಗಿಟಾರ್: ಸೋಲೋ ಆಮೇಲೆ, ಮೊದಲು ಹೆಬ್ಬೆರಳು

ರಾಕಬಿಲಿ, ಅಂದರೆ ಬ್ಲೂಸ್ ಮತ್ತು ಕಂಟ್ರಿ ಬೆರೆತ ಅಮೆರಿಕದ ಹಳೆಯ ರಾಕ್ ಸಂಗೀತದ ಲೀಡ್ ಗಿಟಾರ್ ಕಲಿಯಬೇಕೆಂದು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ವಿಡಿಯೊ ನೋಡಿ ಒಂದೆರಡು ಸೋಲೋಗಳನ್ನು ಆಗಲೇ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಬೆರಳು ಚೆನ್ನಾಗಿಯೇ ಓಡುತ್ತದೆ. ‘ಸರಿ, ಈಗ ಸೋಲೋ ಬಿಡಿ, ನಾನು ಹಾಡುತ್ತೇನೆ, ಹಿಂದೆ ಹನ್ನೆರಡು ಬಾರ್ ನುಡಿಸಿ’ ಎಂದ ಕೂಡಲೇ ಕೈ ನಿಂತುಬಿಡುತ್ತದೆ. (ಬಾರ್ ಎಂದರೆ ನಾಲ್ಕು ಪೆಟ್ಟಿನ ಒಂದು ಸುತ್ತು.) ಕಳೆದ ವರ್ಷ ಬಂದ ಹುಡುಗನೊಬ್ಬ ಮೂರು ಸೋಲೋಗಳನ್ನು ಒಂದೂ ಸ್ವರ ತಪ್ಪದಂತೆ ನುಡಿಸಿದ. ಹಾಡಿನ ಜೊತೆ ಕೂಡಿಸಿದಾಗ ಎಂಟನೆಯ ಬಾರ್‌ಗೆ ಬರುವಷ್ಟರಲ್ಲಿ ತಾಳ ಕೈತಪ್ಪಿತ್ತು. ಅವನಿಗೆ ಯಾರೂ ಹೆಬ್ಬೆರಳಿನ ವಿಷಯ ಹೇಳಿರಲಿಲ್ಲ.

ಈ ಸಂಗೀತ ಎಲ್ಲಿಂದ ಬಂತು ಎಂದು ತಿಳಿದರೆ ಹೆಬ್ಬೆರಳಿಗೆ ಇಷ್ಟು ಮಹತ್ವ ಏಕೆ ಎಂಬುದು ತಾನಾಗಿ ಅರ್ಥವಾಗುತ್ತದೆ. 1954ರ ಜುಲೈ 5ರ ರಾತ್ರಿ, ಅಮೆರಿಕದ ಮೆಂಫಿಸ್ ನಗರದ ಯೂನಿಯನ್ ಅವೆನ್ಯೂವಿನಲ್ಲಿದ್ದ ಸ್ಯಾಮ್ ಫಿಲಿಪ್ಸ್ ಅವರ ಪುಟ್ಟ ಸ್ಟುಡಿಯೊದಲ್ಲಿ ಸೇರಿದ್ದ ವಾದಕರು ಮೂವರೇ. ಅಕೂಸ್ಟಿಕ್ ಗಿಟಾರ್ ಹಿಡಿದು ಹಾಡುತ್ತಿದ್ದವರು ಎಲ್ವಿಸ್ ಪ್ರೆಸ್ಲಿ, ಡಬಲ್ ಬಾಸ್‌ನಲ್ಲಿ ಬಿಲ್ ಬ್ಲ್ಯಾಕ್, ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸ್ಕಾಟಿ ಮೂರ್. ಡ್ರಮ್ ಇರಲಿಲ್ಲ. ಎಲ್ವಿಸ್ ಅವರ ಮೊದಲ ಸಿಂಗಲ್ ಹೊರಬಂದದ್ದು ಹೀಗೆ, ಮೂವರ ಕೈಯಿಂದ. ಡ್ರಮ್ ಇಲ್ಲದ ಕಡೆ ಗಿಟಾರ್ ಬರೀ ಅಲಂಕಾರ ಮಾಡುತ್ತಾ ಕೂರುವಂತಿಲ್ಲ. ಲಯ ಹಿಡಿಯಬೇಕು, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ತುಂಬಬೇಕು, ಹಾಡಿನ ಸಾಲು ಮುಗಿದಲ್ಲಿ ಉತ್ತರವನ್ನೂ ಕೊಡಬೇಕು. ಮೂರ್ ಇದಕ್ಕೆ ದಾರಿ ಕಂಡುಕೊಂಡದ್ದು ಕೆಂಟಕಿಯ ಮರ್ಲ್ ಟ್ರಾವಿಸ್ ಮತ್ತು ಅವರ ಜಾಡಿನಲ್ಲಿ ಬಂದ ಚೆಟ್ ಆಟ್ಕಿನ್ಸ್ ಅವರಿಂದ. ಅವರಿಬ್ಬರ ಹೆಬ್ಬೆರಳು ಬಾಸ್ ನುಡಿಸುತ್ತಿದ್ದರೆ ಉಳಿದ ಬೆರಳುಗಳು ರಾಗ ನುಡಿಸುತ್ತಿದ್ದವು.

ಸಾಮಾನು

ಟೊಳ್ಳು ಮೈಯ ದುಬಾರಿ ಗಿಟಾರ್ ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಾಕಬಿಲಿಯ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಕಾರ್ಲ್ ಪರ್ಕಿನ್ಸ್ ಗಟ್ಟಿ ಮೈಯ ಲೆಸ್ ಪಾಲ್ ಗಿಟಾರ್ ನುಡಿಸಿದವರು. ಮನೆಯಲ್ಲಿರುವ ಎಲೆಕ್ಟ್ರಿಕ್ ಗಿಟಾರ್ ಸಾಕು. ಆದರೆ ತಂತಿಗಳನ್ನು ಮಾತ್ರ ಬದಲಿಸಿ. ಅಂಗಡಿಯಿಂದ ಬರುವಾಗ ಹಾಕಿರುವ 9 ಗೇಜ್‌ನ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ) ತೆಳು ತಂತಿಗಳು ಹೆಬ್ಬೆರಳಿನ ಪೆಟ್ಟಿಗೆ ಅದುರಿ ಶ್ರುತಿ ಮೇಲೇರಿಬಿಡುತ್ತದೆ. ಕನಿಷ್ಠ 11 ಗೇಜ್ ಹಾಕಿ, ಸಾಧ್ಯವಿದ್ದರೆ ಮೂರನೇ ತಂತಿಗೂ ಸುತ್ತು ಇರುವ ಸೆಟ್ ಕೇಳಿ ತನ್ನಿ. ಕೇಳದಿದ್ದರೆ ಅಂಗಡಿಯವರು ಕೊಡುವುದಿಲ್ಲ.

ಸ್ವರ ಕಂಪಿಸಲು ಒತ್ತುವ ಲೋಹದ ಹಿಡಿಕೆ ಇರುವ ಅಗ್ಗದ ಗಿಟಾರ್‌ಗಳಿಂದ ದೂರ ಇರಿ. ಒಮ್ಮೆ ಒತ್ತಿ ಬಿಟ್ಟರೆ ತಂತಿ ಮೊದಲಿನ ಶ್ರುತಿಗೆ ಮರಳುವುದಿಲ್ಲ, ಅಭ್ಯಾಸದ ಅರ್ಧ ಹೊತ್ತು ಬಿರಡೆ ತಿರುಗಿಸುವುದರಲ್ಲೇ ಕಳೆಯುತ್ತದೆ.

ಥಂಬ್ ಪಿಕ್, ಅಂದರೆ ಹೆಬ್ಬೆರಳಿಗೆ ಉಂಗುರದಂತೆ ತೊಟ್ಟು ತಂತಿ ಮೀಟುವ ಪಿಕ್ ಕೊಳ್ಳಿ. ಚಪ್ಪಟೆ ಪಿಕ್ ಹಿಡಿದು ಉಳಿದ ಬೆರಳುಗಳಿಂದ ಮೀಟುವ ಮಾರ್ಗವೂ ಇದೆ. ರಾಕಬಿಲಿ ಗಾಯಕ ಜೀನ್ ವಿನ್ಸೆಂಟ್ ಅವರ ಬ್ಲೂ ಕ್ಯಾಪ್ಸ್ ತಂಡದ ಕ್ಲಿಫ್ ಗ್ಯಾಲಪ್ ಚಪ್ಪಟೆ ಪಿಕ್ ಹಿಡಿದು, ನಡುಬೆರಳಿಗೂ ಉಂಗುರದ ಬೆರಳಿಗೂ ಬೇರೆ ಪಿಕ್ ತೊಟ್ಟು ನುಡಿಸುತ್ತಿದ್ದರು. ಅದು ಅವರ ಕೈಗೆ ಒಗ್ಗಿದ ದಾರಿ. ಹೊಸಬರಿಗೆ ನಾನು ಥಂಬ್ ಪಿಕ್ ಬಿಟ್ಟು ಬೇರೆಯದನ್ನು ಹೇಳುವುದಿಲ್ಲ. ವೇಗದ ಬಿಡಿಸ್ವರ ಬಂದಾಗ ಅದರ ಮೂತಿಯನ್ನು ತೋರುಬೆರಳಿನಿಂದ ಒತ್ತಿ ಹಿಡಿದರೆ ಅದೇ ಚಪ್ಪಟೆ ಪಿಕ್ ಆಗುತ್ತದೆ.

ಪಿಕ್ ಸಡಿಲವಾದರೆ ಸ್ವರದ ನಡುವೆ ತಿರುಗಿಬಿಡುತ್ತದೆ, ಬಿಗಿಯಾದರೆ ಬೆರಳು ಕೆಂಪಾಗುತ್ತದೆ. ಪ್ಲಾಸ್ಟಿಕ್ ಪಿಕ್ ಆಗಿದ್ದರೆ ಬಿಸಿ ನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿ ಇಕ್ಕಳದಿಂದ ತೆಗೆಯಿರಿ, ಬಟ್ಟೆಯಲ್ಲಿ ಹಿಡಿದು ಬೇಕಾದಷ್ಟು ಅಗಲಿಸಿ ಅಥವಾ ಒತ್ತಿ, ತಣ್ಣೀರಿಗೆ ಹಾಕಿ. ಬಿಸಿಯಾಗಿರುವಾಗ ಬೆರಳಿಗೆ ತೊಡಬೇಡಿ. ಮೂತಿ ಉದ್ದವಾಗಿದ್ದರೆ ಉಗುರು ಉಜ್ಜುವ ಅರದಿಂದ ಎರಡು ಮಿಲಿಮೀಟರ್ ಸವೆಸಿ. ಉದ್ದ ಮೂತಿ ತಂತಿಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಹನ್ನೆರಡು ಬಾರ್

ಕಾರ್ಡ್‌ಗಳು ಬರುವ ಕ್ರಮ ಹೀಗೆ: ‘ಇ’ ನಾಲ್ಕು ಬಾರ್, ‘ಎ’ ಎರಡು, ಮತ್ತೆ ‘ಇ’ ಎರಡು, ‘ಬಿ7’ ಒಂದು, ‘ಎ’ ಒಂದು, ‘ಇ’ ಎರಡು. ಒಂದು ಸಂಜೆಯ ಕೆಲಸ.

ಹೆಬ್ಬೆರಳು

ಇಲ್ಲಿಯೇ ಎಲ್ಲರೂ ಎಡವುವುದು. ನಾನೂ ಎಡವಿ, ಎರಡು ವರ್ಷ ತಪ್ಪಾಗಿ ನುಡಿಸಿ, ಆಮೇಲೆ ಬೇರಿನಿಂದ ತಿದ್ದಿಕೊಂಡೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮೊದಲು ಅಂಗೈ. ಗಿಟಾರ್‌ನ ಬ್ರಿಡ್ಜ್, ಅಂದರೆ ವೀಣೆಯವರು ಕುದುರೆ ಎನ್ನುವ ಭಾಗದ ಮೇಲೆ ಬಲ ಅಂಗೈಯ ಹೊರ ಅಂಚನ್ನು ಇಡಿ. ಕಿರುಬೆರಳಿನ ಕೆಳಗಿನ ಮಾಂಸಲ ಭಾಗ ಅರ್ಧ ಕುದುರೆಯ ಮೇಲೆ, ಅರ್ಧ ತಂತಿಯ ಮೇಲೆ ಇರಬೇಕು. ಈಗ ಆರನೇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪನೆಯದನ್ನು ಹೆಬ್ಬೆರಳಿನಿಂದ ಮೀಟಿ. ‘ಡುಂ’ ಎಂದು ಮೊಟಕಾಗಿ, ಆದರೆ ಸ್ವರ ಗುರುತಾಗುವಂತೆ ಕೇಳಬೇಕು. ‘ಟಕ್’ ಎಂದು ಕಟ್ಟಿಗೆಯ ಸದ್ದು ಬಂದರೆ ಅಂಗೈ ಮುಂದೆ ಸರಿದಿದೆ. ಸದ್ದು ಮೊಳಗುತ್ತಲೇ ಇದ್ದರೆ ಹಿಂದೆ ಸರಿದಿದೆ. ಸರಿಯಾದ ಜಾಗ ಸಿಗುವುದು ನೂಲಿನೆಳೆಯ ಅಂತರದಲ್ಲಿ. ಸಿಕ್ಕಿದ ಮೇಲೆ ಮುಂಗೈಯನ್ನು ಸ್ವಲ್ಪವೇ ಓರೆ ಮಾಡಿ, ಆರು, ಐದು, ನಾಲ್ಕನೇ ತಂತಿಗಳು ಮಾತ್ರ ಮುಚ್ಚಿರಲಿ, ಸಣ್ಣ ಮೂರು ತಂತಿಗಳು ಬಿಚ್ಚಿ ಮೊಳಗಲಿ. ಒಂದೇ ಗಿಟಾರ್ ಇಬ್ಬರು ನುಡಿಸಿದಂತೆ ಕೇಳಿಸುವುದು ಈ ಮುಚ್ಚು, ಬಿಚ್ಚಿನಿಂದ.

‘ಇ’ ಕಾರ್ಡ್ ಹಿಡಿದು ಆರನೇ ತಂತಿ, ನಾಲ್ಕನೇ ತಂತಿ, ಮತ್ತೆ ಆರು, ಮತ್ತೆ ನಾಲ್ಕು. ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿ ಭತ್ತ ಕುಟ್ಟುವುದನ್ನು ನೋಡಿದ್ದರೆ ಈ ನಡೆ ನಿಮಗೆ ಗೊತ್ತು. ಒಂದು ಏಳುವಾಗ ಇನ್ನೊಂದು ಇಳಿಯುತ್ತದೆ, ಎರಡರ ಪೆಟ್ಟೂ ಒಂದೇ ತೂಕದ್ದು. ‘ಎ’ ಕಾರ್ಡ್‌ಗೆ ಐದು ಮತ್ತು ನಾಲ್ಕು. ‘ಬಿ7’ ಬಂದಾಗ ಎಡಗೈಯ ನಡುಬೆರಳು ಐದನೇ ತಂತಿಯ ಎರಡನೇ ಫ್ರೆಟ್‌ನಲ್ಲಿರುತ್ತದೆ (ಫ್ರೆಟ್ ಎಂದರೆ ವೀಣೆಯಲ್ಲಿರುವಂತೆ ಮೆಟ್ಟಿಲು). ಅದನ್ನು ಆರನೇ ತಂತಿಯ ಅದೇ ಫ್ರೆಟ್‌ಗೆ ಹಾರಿಸಿ, ಮತ್ತೆ ವಾಪಸ್ ತನ್ನಿ. ಹೀಗೆ ಐದು, ನಾಲ್ಕು, ಆರು, ನಾಲ್ಕು. ಈ ಹಾರಾಟ ಬೇಡವೆಂದು ಐದನೇ ತಂತಿಯನ್ನೇ ಬಡಿಯುತ್ತಾ ಕೂರುವವರಿದ್ದಾರೆ. ಆ ಒಂದು ಬಾರ್‌ನಲ್ಲಿ ಹಾಡು ಕುಂಟುವುದು ಕೇಳುವವರಿಗೆ ತಿಳಿಯುತ್ತದೆ.

ಪೆಟ್ಟು ಎಣಿಸಿಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ಒಂದು ವಾರ ಬರೀ ಇದನ್ನೇ ಮಾಡಿ. ವಾರದ ಕೊನೆಗೆ ಒಂದು ಪರೀಕ್ಷೆ: ಹನ್ನೆರಡು ಬಾರ್ ನುಡಿಸುತ್ತಲೇ ಮನೆಯವರೊಡನೆ ಮಾತನಾಡಿ. ಮಧ್ಯಾಹ್ನ ಏನು ಅಡುಗೆ, ಸಂಜೆ ಯಾರು ಬರುತ್ತಾರೆ ಎಂದು ಕೇಳಿ, ಉತ್ತರವನ್ನೂ ಕೇಳಿಸಿಕೊಳ್ಳಿ. ಮಾತಿನ ನಡುವೆ ಹೆಬ್ಬೆರಳು ತಡವರಿಸಿದರೆ ಇನ್ನೊಂದು ವಾರ.

ಈಗ ಬೆರಳುಗಳನ್ನು ಸೇರಿಸಬೇಕು. ವಿಡಿಯೊಗಳಲ್ಲಿ ‘ಒನ್ ಆ್ಯಂಡ್ ಟೂ ಆ್ಯಂಡ್’ ಎಂದು ಎಣಿಸುತ್ತಾರೆ. ನಮಗೆ ಅದಕ್ಕಿಂತ ಹತ್ತಿರದ ಎಣಿಕೆ ಇದೆ: ತ ಕ ಧಿ ಮಿ ತ ಕ ಜ ನು. ಒಂದು ಬಾರ್‌ಗೆ ಎಂಟು ಅಕ್ಷರ. ‘ತ, ಧಿ, ತ, ಜ’ ಹೆಬ್ಬೆರಳಿನವು, ಅದನ್ನು ಯಾರಿಗೂ ಬಿಟ್ಟುಕೊಡುವಂತಿಲ್ಲ. ‘ಕ, ಮಿ, ಕ, ನು’ ಬೆರಳುಗಳಿಗೆ ಸಿಗುವ ಜಾಗ. ಎಂಟನ್ನೂ ಬಾಯಿಬಿಟ್ಟು ಹೇಳುತ್ತಾ ಹೀಗೆ ನುಡಿಸಿ:

ಮೊದಲ ‘ತ’: ಹೆಬ್ಬೆರಳು ಆರನೇ ತಂತಿಗೆ, ಅದೇ ಕ್ಷಣಕ್ಕೆ ನಡುಬೆರಳು ಒಂದನೇ ತಂತಿಗೆ. ಎರಡನ್ನೂ ಚಿವುಟಿದಂತೆ ಒಟ್ಟಿಗೆ ಮೀಟಬೇಕು.
‘ಕ’: ಏನೂ ಇಲ್ಲ.
‘ಧಿ’: ಹೆಬ್ಬೆರಳು ನಾಲ್ಕನೇ ತಂತಿಗೆ.
‘ಮಿ’: ತೋರುಬೆರಳು ಎರಡನೇ ತಂತಿಗೆ, ಒಂಟಿಯಾಗಿ.
ಎರಡನೇ ‘ತ’: ಹೆಬ್ಬೆರಳು ಆರಕ್ಕೆ.
‘ಕ’: ನಡುಬೆರಳು ಒಂದಕ್ಕೆ, ಒಂಟಿಯಾಗಿ.
‘ಜ’: ಹೆಬ್ಬೆರಳು ನಾಲ್ಕಕ್ಕೆ.
‘ನು’: ಮೌನ.

ಕೆಡುವುದು ‘ಮಿ’ ಎಂಬಲ್ಲಿ. ತೋರುಬೆರಳು ಒಂಟಿಯಾಗಿ ಮೀಟಿದ ಕೂಡಲೇ ಹೆಬ್ಬೆರಳು ತಾನೂ ಬರಬೇಕೆಂದು ಅದರ ಹಿಂದೆ ಓಡುತ್ತದೆ, ಇಲ್ಲವೇ ಗಾಬರಿಯಾಗಿ ಮುಂದಿನ ‘ತ’ ಬಿಟ್ಟುಬಿಡುತ್ತದೆ. ಹೀಗಾದ ಕೂಡಲೇ ನಿಲ್ಲಿಸಿ. ಮುಂದುವರಿದರೆ ಕೈ ತಪ್ಪನ್ನೇ ಕಲಿಯುತ್ತದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸೆಕೆಂಡ್ ಸಿಗುವಷ್ಟು ನಿಧಾನಿಸಿ. ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಹೆಬ್ಬೆರಳಿನ ಸದ್ದನ್ನು ಮಾತ್ರ ಆಲಿಸಿ. ನುಡಿಸುವಾಗ ಸರಿ ಎನಿಸಿದ್ದು ಕೇಳುವಾಗ ಬೇರೆಯೇ ಇರುತ್ತದೆ.

ಇದು ಆಗದ ಕೆಲಸ ಎಂದು ಕೈಚೆಲ್ಲುವವರಿಗೆ ನಾನು ವೀಣೆ ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ಹೇಳುತ್ತೇನೆ. ತೋರುಬೆರಳು, ನಡುಬೆರಳು ರಾಗ ಮೀಟುತ್ತಿರುವಾಗ ಅದೇ ಕೈಯ ಕಿರುಬೆರಳು ತಾಳದ ತಂತಿಗಳನ್ನು ತನ್ನ ಪಾಡಿಗೆ ಮೀಟುತ್ತಿರುತ್ತದೆ. ಒಂದು ಕೈಯಲ್ಲಿ ಎರಡು ಕೆಲಸ ನಡೆಯುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ನಡೆ ಕೂತ ಮೇಲೆ ಒಂದು ತಿದ್ದುಪಡಿ. ಎಂಟು ಅಕ್ಷರಗಳನ್ನು ಸಮವಾಗಿ ಹಂಚಿದರೆ ಯಂತ್ರದಂತೆ ಕೇಳುತ್ತದೆ. ಪ್ರತಿ ಪೆಟ್ಟನ್ನೂ ‘ತಕಿಟ’ ಎಂದು ಮೂರಾಗಿ ಒಡೆದುಕೊಳ್ಳಿ. ಹೆಬ್ಬೆರಳು ‘ತ’ ಮೇಲೆ, ಬೆರಳು ‘ಟ’ ಮೇಲೆ. ಆ ಚೂರು ತಡವೇ ಕಾಲು ಕುಣಿಸುವುದು. ವೇಗ ಹೆಚ್ಚಿದಂತೆ ಈ ಅಂತರ ತಾನಾಗಿ ಕಿರಿದಾಗುತ್ತದೆ, ಅದನ್ನು ಬಲವಂತವಾಗಿ ಹಿಡಿದಿಡಬೇಡಿ.

ಎರಡು ಗಾಂಧಾರ

ಹೆಬ್ಬೆರಳು ಪಳಗಿದ್ದರೆ ಲೀಡ್ ಅಷ್ಟು ಕಷ್ಟವಿಲ್ಲ. ರಾಕ್ ಮತ್ತು ಹಿಲ್‌ಬಿಲಿ ಕೂಡಿ ಆದ ಹೆಸರು ರಾಕಬಿಲಿ. ಆ ಕೂಡಿಕೆಯನ್ನು ಒಂದೇ ತಂತಿಯ ಮೇಲೆ ಕೇಳಬಹುದು. ‘ಇ’ ಸ್ವರವನ್ನು ಷಡ್ಜ ಎಂದುಕೊಳ್ಳಿ. ಆಗ ಬಿಚ್ಚಿದ ಮೂರನೇ ತಂತಿ ಸಾಧಾರಣ ಗಾಂಧಾರ, ಅದು ಬ್ಲೂಸ್‌ನ ಬಣ್ಣ. ಅದೇ ತಂತಿಯ ಮೊದಲ ಫ್ರೆಟ್ ಅಂತರ ಗಾಂಧಾರ, ಅದು ಕಂಟ್ರಿ ಸಂಗೀತದ್ದು. ‘ಇ’ ಕಾರ್ಡ್ ಹಿಡಿದು ತೋರುಬೆರಳನ್ನು ಮಾತ್ರ ಎತ್ತಿ, ಮೂರನೇ ತಂತಿ ಮೀಟಿ, ಬೆರಳನ್ನು ಸುತ್ತಿಗೆಯಂತೆ ಮೊದಲ ಫ್ರೆಟ್‌ಗೆ ಇಳಿಸಿ. ಒಂದು ಮೀಟು, ಎರಡು ಗಾಂಧಾರ. ಕೆಳಗೆ ಹೆಬ್ಬೆರಳು ನಡೆಯುತ್ತಿರುವಾಗ ಇದನ್ನು ಮಾಡಿದ ದಿನ ಮುಖ ಅರಳದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಎರಡು ತಂತಿಗಳನ್ನು ಒಟ್ಟಿಗೆ ಮೀಟುವ ಡಬಲ್ ಸ್ಟಾಪ್ ಮುಂದಿನದು. ಒಂದು ಮತ್ತು ಎರಡನೇ ತಂತಿಯನ್ನು 10ನೇ ಫ್ರೆಟ್‌ನಲ್ಲಿ ಒಂದೇ ಬೆರಳಿನಿಂದ ಒತ್ತಿ, ಮೀಟಿ, 12ಕ್ಕೆ ಜಾರಿಸಿ. ಬಿಡಿಸ್ವರಕ್ಕಿಂತ ಇದು ತುಂಬಿಕೊಂಡು ಕೇಳುತ್ತದೆ, ಮೂವರೇ ಇರುವ ತಂಡಕ್ಕೆ ಬೇಕಾದದ್ದೂ ಅದೇ.

ಪ್ರತಿಧ್ವನಿ

ರಾಕಬಿಲಿಯಲ್ಲಿ ಕೇಳಿಸುವ ಸ್ಲ್ಯಾಪ್‌ಬ್ಯಾಕ್ ಎಂದರೆ ಒಂದೇ ಒಂದು ಪ್ರತಿಧ್ವನಿ. ಫಿಲಿಪ್ಸ್ ಎರಡು ಟೇಪ್ ಯಂತ್ರಗಳನ್ನು ಜೋಡಿಸಿ ಅದನ್ನು ಪಡೆದರು. ಟೇಪ್ ಯಂತ್ರದ ಮುದ್ರಿಸುವ ಹೆಡ್‌ನಿಂದ ಕೇಳಿಸುವ ಹೆಡ್‌ಗೆ ಹೋಗಲು ಹಿಡಿಯುವ ಚೂರು ಹೊತ್ತೇ ಆ ತಡ. ರೇ ಬಟ್ಸ್ ಎಂಬವರು ಆಂಪ್ಲಿಫೈಯರ್‌ನೊಳಗೇ ಟೇಪ್ ಇಟ್ಟು ಎಕೊಸಾನಿಕ್ ತಯಾರಿಸಿದರು. ಸ್ಕಾಟಿ ಮೂರ್ 1955ರಲ್ಲಿ ಅದನ್ನು ಕೊಂಡರು. ನೀವು ಯಾವುದೇ ಸಾದಾ ಡಿಲೇ ಪೆಡಲ್‌ನಲ್ಲಿ ತಡವನ್ನು 120 ಮಿಲಿಸೆಕೆಂಡ್ ಹತ್ತಿರ ಇಟ್ಟು, ಪುನರಾವರ್ತನೆಯನ್ನು ಒಂದಕ್ಕೆ ಇಳಿಸಿ. ಪ್ರತಿಧ್ವನಿ ಮೂಲ ಸ್ವರಕ್ಕಿಂತ ಮೆಲ್ಲಗಿರಲಿ. ‘ರಾಕಬಿಲಿ’ ಎಂದೇ ಗುಂಡಿ ಇರುವ ಮಲ್ಟಿ ಎಫೆಕ್ಟ್ ಪೆಟ್ಟಿಗೆಗಳು ಮೂರು ನಾಲ್ಕು ಪ್ರತಿಧ್ವನಿ ಸುರಿದು, ಮೇಲೆ ರಿವರ್ಬ್ ಹಚ್ಚಿ, ನಿಮ್ಮ ಹೆಬ್ಬೆರಳನ್ನು ಮುಳುಗಿಸುತ್ತವೆ. ಕೊಳ್ಳಬೇಡಿ. ಮೊದಲ ಮೂರು ತಿಂಗಳು ಪೆಡಲ್ ಮುಟ್ಟಲೂ ಬೇಡಿ, ಏಕೆಂದರೆ ಅದು ಲಯದ ತಪ್ಪುಗಳನ್ನು ಮರೆಮಾಚುತ್ತದೆ.

ಕಿವಿ

ಟ್ಯಾಬ್ ಹಾಳೆಗಳಲ್ಲಿ ಫ್ರೆಟ್ ಸಂಖ್ಯೆ ಇರುತ್ತದೆ, ಅಂಗೈ ಎಲ್ಲಿದೆ ಎಂದು ಇರುವುದಿಲ್ಲ. ಆದ್ದರಿಂದ ತಿಂಗಳಿಗೆ ಒಂದು ಸೋಲೋವನ್ನು ವೇಗ ಅರ್ಧಕ್ಕೆ ಇಳಿಸಿ ಕಿವಿಯಿಂದಲೇ ಹುಡುಕಿ ತೆಗೆಯಿರಿ. ಮೂರ್ ಅವರ 1954, 55ರ ಧ್ವನಿಮುದ್ರಣಗಳಿಂದ ತೊಡಗಿ, ಪರ್ಕಿನ್ಸ್ ಅವರಿಗೆ ಬಂದು, ಕೊನೆಗೆ ಗ್ಯಾಲಪ್. ಗ್ಯಾಲಪ್ ಆ ತಂಡದಲ್ಲಿದ್ದದ್ದು 1956ರ ಕೆಲವೇ ತಿಂಗಳು. ಆ ಅಲ್ಪ ಕಾಲದ ಕೆಲಸಕ್ಕೆ ಮನಸೋತ ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಜೆಫ್ ಬೆಕ್ 1993ರಲ್ಲಿ ಒಂದು ಇಡೀ ಆಲ್ಬಂ ಅನ್ನೇ ಅವರ ನೆನಪಿಗೆ ಮೀಸಲಿಟ್ಟರು. ಗ್ಯಾಲಪ್ ಅವರಿಂದಲೇ ಶುರು ಮಾಡುತ್ತೇನೆ ಎಂದು ಹಟ ಹಿಡಿಯಬೇಡಿ.

ಹಾಡು ಮುಗಿಸುವುದಕ್ಕೆ ‘ಇ6’ ಕಾರ್ಡ್ ಬಳಸಿ. ಮಾಮೂಲಿ ‘ಇ’ ಹಿಡಿದು ಕಿರುಬೆರಳನ್ನು ಎರಡನೇ ತಂತಿಯ ಎರಡನೇ ಫ್ರೆಟ್‌ಗೆ ಸೇರಿಸಿದರೆ ಅದು ಸಿಗುತ್ತದೆ. ಕೊನೆಯ ಪೆಟ್ಟಿಗೆ ಅಂಗೈಯನ್ನು ಕುದುರೆಯಿಂದ ಪೂರ್ತಿ ಎತ್ತಿ, ಥಂಬ್ ಪಿಕ್ಕನ್ನು ಆರು ತಂತಿಗಳ ಮೇಲೂ ನಿಧಾನವಾಗಿ ಇಳಿಸಿ, ಸದ್ದು ತಾನಾಗಿ ಅಡಗುವವರೆಗೆ ಎಡಗೈ ತೆಗೆಯಬೇಡಿ.